41 ಮಾತ್ರೆ ಉಳಿದಿದ್ದಾಗ ಗಡಿ ಮುಚ್ಚಿತು

2020ರ ಮಾರ್ಚ್ 22, ಜನತಾ ಕರ್ಫ್ಯೂ ಸಂಜೆ. ಆಚೆಮನೆಯವರು ಜಾಗಟೆ ಬಾರಿಸುತ್ತಿದ್ದರು. ನನ್ನ ಮಗಳು ಅಂಗಳದಲ್ಲಿ ನಿಂತು ಬಟ್ಟಲಿಗೆ ಸೌಟು ಬಡಿಯುತ್ತಿದ್ದಳು. ನಾನು ಅಟ್ಟದ ಮೇಲೆ, ಅಡಿಕೆ ಗೋಣಿಗಳ ಸಂದಿಯಲ್ಲಿ ಕೂತು ಟ್ರಮಡಾಲ್ ಅನ್ನುವ ನೋವಿನ ಕ್ಯಾಪ್ಸೂಲ್ ಎಣಿಸುತ್ತಿದ್ದೆ. ಎರಡು ಸಲ ಎಣಿಸಿದೆ. ಎರಡು ಸಲವೂ 41. ದಿನಕ್ಕೆ 16 ನುಂಗುವವನಿಗೆ 41 ಅಂದರೆ ಎರಡೂವರೆ ದಿನ.

ಮಂಗಳೂರು-ಕಾಸರಗೋಡು ರಸ್ತೆಯ ತಲಪಾಡಿ ಗಡಿ ಆಗಲೇ ಬಂದ್. ಆಮೇಲಿನ ದಿನಗಳಲ್ಲಿ ಒಳರಸ್ತೆಗಳಿಗೂ ಕರ್ನಾಟಕದವರು ಲಾರಿಯಲ್ಲಿ ಮಣ್ಣು ತಂದು ಸುರಿಯುತ್ತಿದ್ದಾರೆ ಅಂತ ಫೋನಿಗೆ ಫೋಟೋಗಳು ಬಂದವು. ಊರಿಗೆಲ್ಲ ಕೊರೊನಾದ ಹೆದರಿಕೆ. ನನಗೆ ಮಾತ್ರ ಗಡಿಯಾಚೆಯ ಮೆಡಿಕಲ್ ಶಾಪುಗಳು ಕೈ ತಪ್ಪಿದವಲ್ಲ ಅನ್ನುವ ಹೆದರಿಕೆ.

ಗಡಿಯ ಈಚೆ, ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ನಮ್ಮದು ಒಂದೂವರೆ ಎಕರೆ ಅಡಿಕೆ ತೋಟ. ಕುಡಿಯುವವನಲ್ಲ, ಸೇದುವವನಲ್ಲ. ಎಲೆಅಡಿಕೆ ಬಿಟ್ಟರೆ ನನಗೆ ಚಟ ಅಂತ ಯಾವುದೂ ಇರಲಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಮೂರು ವರ್ಷ ನಾನು ಇದೇ ಮಾತನ್ನು ನನಗೆ ನಾನೇ ಹೇಳಿಕೊಂಡು ಬದುಕಿದ್ದೆ.

2017ರ ನವೆಂಬರ್‌ನಲ್ಲಿ ಗೋಣಿ ಎತ್ತುವಾಗ ಸೊಂಟದಲ್ಲಿ ಟಕ್ ಅಂತು. ಎಡಗಾಲಿನ ಹಿಮ್ಮಡಿ ತನಕ ಕರೆಂಟ್ ಹೊಡೆದ ಹಾಗೆ. ಎಣ್ಣೆ ತಿಕ್ಕಿಸಿದ್ದಾಯಿತು, ಕಷಾಯ ಆಯಿತು, ಕೊನೆಗೆ ಮಂಗಳೂರಿಗೆ ಹೋಗಿ ಎಂಆರ್‌ಐ ಮಾಡಿಸಿದರೆ ಸೊಂಟದ ಹತ್ತಿರ ಬೆನ್ನೆಲುಬಿನ ನಡುವಿನ ಎಲ್‌4-ಎಲ್‌5 ಡಿಸ್ಕ್ ಜಾರಿದೆ ಅಂದರು. ಆಪರೇಷನ್ ಆಯಿತು, ಚೆನ್ನಾಗಿಯೇ ಆಯಿತು. ಮನೆಗೆ ಬರುವಾಗ ಕೊಟ್ಟ ಔಷಧದ ಕಟ್ಟಿನಲ್ಲಿ ಟ್ರಮಡಾಲ್ ಮತ್ತು ಪ್ಯಾರಾಸಿಟಮಾಲ್ ಸೇರಿದ ಮಾತ್ರೆ ಇತ್ತು. ಹತ್ತು ದಿನಕ್ಕೆ. ಅದು ಅಫೀಮಿನ ಬಳಗದ್ದು ಅಂತ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಗಸಗಸೆ ಗಿಡದಿಂದ ತೆಗೆಯುವುದಲ್ಲ, ಲ್ಯಾಬಿನಲ್ಲಿ ಮಾಡುವಂಥದ್ದು. ಆದರೆ ಮೆದುಳಿನಲ್ಲಿ ಹೋಗಿ ಕೂರುವುದು ಮಾರ್ಫಿನ್ ಕೂರುವ ಜಾಗದಲ್ಲೇ. ಜೊತೆಗೆ ಮನಸ್ಸನ್ನು ಎಬ್ಬಿಸುವ ಇನ್ನೊಂದು ಗುಣವೂ ಅದಕ್ಕಿದೆ, ಖಿನ್ನತೆಗೆ ಕೊಡುವ ಕೆಲವು ಔಷಧಗಳಿಗೆ ಇರುವ ಹಾಗೆ. ಇದೆಲ್ಲ ನನಗೆ ಗೊತ್ತಾದದ್ದು ಮೂರು ವರ್ಷ ಕಳೆದ ಮೇಲೆ.

ಆಗ ಗೊತ್ತಿದ್ದದ್ದು ಇಷ್ಟೇ: ಮಾತ್ರೆ ತಗೊಂಡ ಮುಕ್ಕಾಲು ಗಂಟೆಗೆ ನೋವು ಹೋಗುತ್ತೆ, ಜೊತೆಗೆ ಒಂಥರಾ ಹುರುಪು ಬರುತ್ತೆ. ಅಡಿಕೆ ರೇಟು ಬಿದ್ದರೂ ಬೇಜಾರಿಲ್ಲ, ಕೂಲಿಯವರು ಕೈಕೊಟ್ಟರೂ ಸಿಟ್ಟಿಲ್ಲ. ಹನ್ನೊಂದನೇ ದಿನ ನಿಲ್ಲಿಸಿದೆ. ಹನ್ನೆರಡನೇ ದಿನ ಸಂಜೆ ಸೊಂಟ ನೋವು, ಮೈ ಕೈ ನೋವು, ಕಾಲು ಒಂದು ಕಡೆ ಇಡಲಾಗದ ಚಡಪಡಿಕೆ. ಆಪರೇಷನ್ ಕೆಟ್ಟಿತು ಅಂತಲೇ ತಿಳಿದೆ. ಒಂದು ಮಾತ್ರೆ ನುಂಗಿದೆ, ಎಲ್ಲ ಮಾಯ. ನೋಡಿ, ಸೊಂಟಕ್ಕೆ ಇದು ಬೇಕೇ ಬೇಕು ಅಂತ ಅವತ್ತು ತೀರ್ಮಾನ ಮಾಡಿಬಿಟ್ಟೆ. ಸೊಂಟ ಕೇಳಿದ್ದಲ್ಲ ಅದು, ಮಾತ್ರೆಯೇ ಮಾತ್ರೆಯನ್ನು ಕೇಳಿದ್ದು.

2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಟ್ರಮಡಾಲನ್ನು ಮಾದಕವಸ್ತು ಕಾಯ್ದೆಯೊಳಗೆ ತಂದಿತು. ಚೀಟಿ ಮೊದಲೂ ಬೇಕಿತ್ತು, ಆದರೆ ಅಲ್ಲಿಯ ತನಕ ಅದು ಹೆಸರಿಗೆ. ಈಗ ಗುರುತಿನ ಅಂಗಡಿಯವನೂ "ಭಟ್ರೇ, ಇನ್ನು ಸುಮ್ನೆ ಕೊಡ್ಲಿಕ್ಕೆ ಆಗುವುದಿಲ್ಲ" ಅಂದ. ನಾನು ಬಿಟ್ಟೆನಾ? ಇಲ್ಲ. ಒಬ್ಬ ಡಾಕ್ಟರ ಚೀಟಿ ಇನ್ನೊಬ್ಬರಿಗೆ ತೋರಿಸದೆ ಊರೂರು ಸುತ್ತಿದೆ. ಅಡಿಕೆ ಮಾರಲಿಕ್ಕೆ ಹೋಗುತ್ತೇನೆ ಅಂತ ಮನೆಯಲ್ಲಿ ಹೇಳಿ, ಗೋಣಿ ಇಲ್ಲದ ಪಿಕಪ್ ಓಡಿಸಿಕೊಂಡು ಹೋದ ದಿನಗಳೂ ಇವೆ. ದಿನಕ್ಕೆ ಎರಡು ನಾಲ್ಕಾಯಿತು, ನಾಲ್ಕು ಎಂಟಾಯಿತು. 2019 ಬರುವಾಗ 50 ಮಿಲಿಗ್ರಾಂನ 16 ಕ್ಯಾಪ್ಸೂಲ್, ಅಂದರೆ 800 ಮಿಲಿಗ್ರಾಂ. ದೊಡ್ಡವರಿಗೆ ದಿನದ ಮಿತಿಯೇ 400.

ಅದರ ಇನ್ನೊಂದು ಪ್ರಸಾದ ಮಲಬದ್ಧತೆ. ಪಾಪ, ನನ್ನ ಹೆಂಡತಿ ಮಾಡದ ಮದ್ದಿಲ್ಲ. ರಾತ್ರಿ ಬಿಸಿನೀರಿಗೆ ತುಪ್ಪ, ಬೆಳಿಗ್ಗೆ ಪಪ್ಪಾಯಿ, ವಾರಕ್ಕೆ ಮೂರು ದಿನ ಬಸಳೆ ಬೆಂದಿ. ನಾನು ಎಲ್ಲವನ್ನೂ ತಿಂದು, ಅಟ್ಟಕ್ಕೆ ಹೋಗಿ ಮತ್ತೆ ನಾಲ್ಕು ನುಂಗಿ ಬರುತ್ತಿದ್ದೆ.

ಆ ವರ್ಷ ಚೌತಿ ಕಳೆದ ವಾರ ಪೇಟೆಯ ಹೋಟೆಲಿನಲ್ಲಿ ಗೋಳಿಬಜೆ ತಿನ್ನುತ್ತಾ ಕೂತಿದ್ದವನು ಹಾಗೇ ಬಿದ್ದೆ. ಫಿಟ್ಸ್. ಯಾರೋ ಕೈಗೆ ಕೀಲಿಗೊಂಚಲು ಹಿಡಿಸಿದರಂತೆ. ಎಚ್ಚರವಾದಾಗ ನಾಲಿಗೆ ಕಚ್ಚಿ ಬಾಯೆಲ್ಲ ರಕ್ತ, ಮುಷ್ಟಿಯೊಳಗೆ ಯಾರದೋ ಬೈಕಿನ ಕೀ. ತಲೆಯ ಸ್ಕ್ಯಾನ್ ಮಾಡಿದರು, ಏನೂ ಇಲ್ಲ. "ಬೇರೆ ಏನಾದರೂ ಮಾತ್ರೆ ತಗೊಳ್ತೀರಾ?" ಅಂತ ಡಾಕ್ಟರು ಕೇಳಿದಾಗ "ಗ್ಯಾಸಿಗೆ ಒಂದು" ಅಂದೆ. ಟ್ರಮಡಾಲ್ ಜಾಸ್ತಿಯಾದರೆ ಫಿಟ್ಸ್ ಬರುತ್ತೆ ಅಂತ ನನಗೆ ಅಷ್ಟು ಹೊತ್ತಿಗೆ ಗೊತ್ತಿತ್ತು, ಫೋನಿನಲ್ಲಿ ಓದಿದ್ದೆ. ಆದರೂ ಸುಳ್ಳು ಹೇಳಿದೆ. ಈ ಇಡೀ ಕಥೆಯಲ್ಲಿ ನನಗೆ ಇವತ್ತಿಗೂ ನಾಚಿಕೆ ಆಗುವುದು ಆ ಒಂದು ಉತ್ತರಕ್ಕೆ.

ಸರಿ, 41ಕ್ಕೆ ಬರುತ್ತೇನೆ. ಮೊದಲ ದಿನ ಹತ್ತು, ಆಮೇಲೆ ಒಂಬತ್ತು, ಎಂಟು, ಎಂಟು, ಆರು. ಐದು ದಿನ ಎಳೆದೆ. 27ಕ್ಕೆ ಖಾಲಿ. 28ರ ಬೆಳಿಗ್ಗೆ ಸೀನು ಶುರುವಾಯಿತು, ಒಂದಲ್ಲ ಎರಡಲ್ಲ, ಹತ್ತು ಹನ್ನೆರಡು ಸೀನು ಒಟ್ಟಿಗೆ. ಮೂಗು ನಲ್ಲಿಯ ಹಾಗೆ ಸೋರುತ್ತಿತ್ತು. ಬೆವರು, ಅದರ ಮಧ್ಯೆ ಚಳಿ. ಎರಡು ವರ್ಷ ಕಟ್ಟಿಕೊಂಡಿದ್ದ ಹೊಟ್ಟೆ ಒಂದೇ ಮಧ್ಯಾಹ್ನ ಬಿಟ್ಟುಕೊಟ್ಟಿತು. ರಾತ್ರಿ ಮಲಗಿದರೆ ಮೊಣಕಾಲಿನ ಒಳಗೆ, ಎಲುಬಿನೊಳಗೇ ಇರುವೆ ಹರಿದ ಹಾಗೆ. ಗೋಡೆಗೆ ಒದೆಯುತ್ತಿದ್ದೆ. ತಲೆಯೊಳಗೆ ಆಗಾಗ ಬಲ್ಬಿನ ತಂತಿ ಕಡಿದ ಹಾಗೆ ಒಂದು ಜುಂಯ್ ಅನ್ನುವುದು.

ಮಾರ್ಚ್ 2020, ಕಾಸರಗೋಡು. ಮೂಗು ಸೋರುವ, ಮೈ ಕೈ ನೋವಿನ ಮನುಷ್ಯ ಮನೆಯಲ್ಲಿದ್ದಾನೆ. ಎಲ್ಲರೂ ಏನು ತಿಳಿಯಬೇಕೋ ಅದನ್ನೇ ತಿಳಿದರು. ಅಪ್ಪನಿಗೆ ಎಂಬತ್ತು ದಾಟಿತ್ತು. ಹೆಂಡತಿ ನನ್ನನ್ನು ದನದ ಹಟ್ಟಿಯ ಪಕ್ಕದ ಕೋಣೆಗೆ ಹಾಕಿ ಬಾಗಿಲಲ್ಲಿ ಗಂಜಿ, ಮಿಡಿ ಉಪ್ಪಿನಕಾಯಿ ಇಟ್ಟು ದೂರ ನಿಲ್ಲುತ್ತಿದ್ದಳು. ಎರಡನೇ ದಿನ ಆಶಾ ಕಾರ್ಯಕರ್ತೆ ಬಂದರು, ಮೂರನೇ ದಿನ ಆಂಬ್ಯುಲೆನ್ಸ್. ಆಚೆಮನೆಯವರು ಕಿಟಕಿಯಿಂದ ನೋಡುತ್ತಿದ್ದರು. ನಿಜ ಹೇಳಬೇಕಾ? ನನಗೆ ಒಳಗೊಳಗೇ ಸಮಾಧಾನ ಆಗಿತ್ತು. ಕೊರೊನಾ ಅಂತಾದರೆ ಇನ್ನೇನೂ ಹೇಳಬೇಕಾಗಿಲ್ಲ ಅಲ್ವಾ.

ಐಸೊಲೇಷನ್ ವಾರ್ಡಿನಲ್ಲಿ ಸ್ಯಾಂಪಲ್ ತೆಗೆದರು. ರಿಸಲ್ಟ್ ಬರಲಿಕ್ಕೆ ದಿನ ಹಿಡಿಯುತ್ತಿತ್ತು. ರಾತ್ರಿ ಒಬ್ಬ ಡಾಕ್ಟರಮ್ಮ ಬಂದರು. ಮೈತುಂಬ ಆ ಬಿಳಿ ಉಡುಪು, ಕಣ್ಣು ಮಾತ್ರ ಕಾಣುತ್ತಿತ್ತು, ಸಣ್ಣ ಪ್ರಾಯ. ಜ್ವರ ನೋಡಿದರು, ಹೇಳಿಕೊಳ್ಳುವಷ್ಟು ಇಲ್ಲ. ಕೆಮ್ಮು ಇಲ್ಲ. ಕಣ್ಣಿಗೆ ಟಾರ್ಚ್ ಬಿಟ್ಟು ಸ್ವಲ್ಪ ಹೊತ್ತು ನೋಡಿದರು. ನನ್ನ ಮುಂಗೈಯ ಕೂದಲು ನಿಂತಿದ್ದನ್ನು ನೋಡಿದರು. ಆಮೇಲೆ ಮಲಯಾಳದಲ್ಲಿ ಕೇಳಿದರು, "ಕೋಟ್ಟುವಾಯ್ ವರುನ್ನುಂಡೋ?" ಆಕಳಿಕೆ ಬರುತ್ತಾ ಅಂತ. ಅವರು ಕೇಳುವಷ್ಟರಲ್ಲೇ ನಾನು ದವಡೆ ಕಳಚುವ ಹಾಗೆ ಆಕಳಿಸಿದೆ.

"ಏನು ಗುಳಿಗೆ ತಿನ್ನುತ್ತಿದ್ದಿರಿ?" ತಿನ್ನುತ್ತಿದ್ದೀರಾ ಅಂತ ಕೇಳಲಿಲ್ಲ. ಏನು ಅಂತಷ್ಟೇ ಕೇಳಿದರು.

ಹೇಳಿದೆ. ಮಲಯಾಳದಲ್ಲೇ ಹೇಳಿದೆ. ಮನೆಮಾತಿನಲ್ಲಿ ಯಾವತ್ತೂ ಬಾಯಿಂದ ಹೊರಡದ ವಿಷಯ ಸಾಲದ ಭಾಷೆಯಲ್ಲಿ ಸಲೀಸಾಗಿ ಬಂತು. 16 ಅಂದಾಗ ಅವರು ಬರೆಯುವುದು ನಿಲ್ಲಿಸಿ ಇನ್ನೊಮ್ಮೆ ಕೇಳಿದರು. ಬೈಯಲಿಲ್ಲ. ಅಫೀಮಿನ ಬಳಗದ ಮಾತ್ರೆ ಮೈಯಲ್ಲಿದ್ದಾಗ ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಆಗುತ್ತೆ, ಬಿಟ್ಟಾಗ ಅಗಲ ಆಗುತ್ತೆ, ನಿಮ್ಮದು ಅಗಲ ಆಗಿದೆ ಅಂತ ವಿವರಿಸಿದರು. ಫಿಟ್ಸ್ ಬಂದವರು ಹೀಗೆ ಏಕಾಏಕಿ ನಿಲ್ಲಿಸಬಾರದಿತ್ತು ಅಂದರು. ಕೊರೊನಾ ನೆಗೆಟಿವ್ ಬಂತು.

ಮನೆಗೆ ಬಂದು ಹೆಂಡತಿಗೆ ಹೇಳಿದಾಗ ಅವಳು ಮಾತಾಡಲಿಲ್ಲ. ಒಳಗೆ ಹೋಗಿ ಒಂದು ಹಳೇ ಹಾರ್ಲಿಕ್ಸ್ ಬಾಟಲಿ ತಂದು ಮುಂದಿಟ್ಟಳು. ಒಳಗೆ ಖಾಲಿ ಸ್ಟ್ರಿಪ್‌ಗಳು. ನಾನು ಅವನ್ನು ಹಟ್ಟಿಗೊಬ್ಬರದ ಗುಂಡಿಯಲ್ಲಿ ಹೂಳುತ್ತಿದ್ದೆ. ಬೆಳ್ಳಿಕಾಗದ ಕೊಳೆಯುವುದಿಲ್ಲ ಅನ್ನುವುದು ಕೃಷಿಕನಿಗೆ ಹೊಳೆಯಲಿಲ್ಲ ನೋಡಿ. ಗೊಬ್ಬರ ತೆಗೆಯುವಾಗೆಲ್ಲ ಅವಳ ಕೈಗೆ ಸಿಗುತ್ತಿದ್ದವು. ತೊಳೆದು, ಒಣಗಿಸಿ ಇಟ್ಟಿದ್ದಳು. "ಹೇಳ್ತೀರಿ ಅಂತ ಕಾದೆ" ಅಂದಳು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಆ ಡಾಕ್ಟರು ಸ್ವಲ್ಪ ಸ್ವಲ್ಪವೇ ಇಳಿಸಿಕೊಂಡು ಬಿಡುವ ಲೆಕ್ಕ ಬರೆದುಕೊಟ್ಟಿದ್ದರು, ಸ್ಟ್ರಿಪ್ ಹೆಂಡತಿಯ ಕೈಯಲ್ಲಿ. ಮಳೆಗಾಲ ಬರುವಾಗ ಪೂರ್ತಿ ನಿಂತಿತ್ತು. ಆದರೆ ನಿದ್ದೆ ಇಲ್ಲ. ಏನು ಮಾಡಿದರೂ ರುಚಿ ಇಲ್ಲ. ತೋಟಕ್ಕೆ ಕೊಳೆರೋಗದ ಬೋರ್ಡೋ ಮದ್ದು ಬಿಡುವ ದಿನವೂ ಸುಮ್ನೆ ಜಗಲಿಯಲ್ಲಿ ಕೂತಿದ್ದೆ. ರಸ್ತೆ ತೆರೆಯಿತು. ನವರಾತ್ರಿ ಹೊತ್ತಿಗೆ ನಾನು ಮತ್ತೆ ದಿನಕ್ಕೆ ಹತ್ತು ಕ್ಯಾಪ್ಸೂಲ್‌ನಲ್ಲಿದ್ದೆ.

ಈ ಸಲ ನಾನೇ ಹೋದೆ. ಕೇರಳ ಅಬಕಾರಿ ಇಲಾಖೆಯ ವಿಮುಕ್ತಿ ಯೋಜನೆಯವರ 14405ಕ್ಕೆ ಫೋನ್ ಮಾಡಿದೆ, ಅಲ್ಲಿಂದ ಮನೋವೈದ್ಯರ ಹತ್ತಿರ. ಬಾಗಿಲಲ್ಲಿ 'ಲಹರಿ ವಿಮುಕ್ತಿ' ಅಂತ ಬೋರ್ಡು. ನಮ್ಮಲ್ಲಿ ಲಹರಿ ಅಂದರೆ ಕವಿಗಳಿಗೆ ಬರುವಂಥದ್ದು, ಮಲಯಾಳದಲ್ಲಿ ಅಮಲು. ಜೊತೆಗೆ ಬಂದ ಬಾವ ಬೋರ್ಡು ಓದಿ "ನಿನಗೆ ಇದ್ದ ಒಂದು ಲಹರಿಯನ್ನೂ ತೆಗೀತಾರೆ ಹಾಗಾದ್ರೆ" ಅಂದ. ಮೂರು ತಿಂಗಳಲ್ಲಿ ಮೊದಲ ಸಲ ನಕ್ಕಿದ್ದೆ.

ಒಂಬತ್ತು ದಿನ ಅಡ್ಮಿಟ್. ಕೊಟ್ಟದ್ದು ಬ್ಯುಪ್ರಿನಾರ್ಫಿನ್ ಮತ್ತು ನಲಾಕ್ಸೋನ್ ಸೇರಿದ ಮಾತ್ರೆ. ನುಂಗುವುದಲ್ಲ, ನಾಲಿಗೆಯ ಅಡಿಯಲ್ಲಿ ಇಟ್ಟುಕೊಳ್ಳುವುದು. ಮೊದಲ ದಿನದ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಅದನ್ನು ಮೊದಲೇ ಯಾರಾದರೂ ಹೇಳಿದ್ದರೆ ನನಗೆ ಅಷ್ಟು ಗಾಬರಿ ಆಗುತ್ತಿರಲಿಲ್ಲ.

ಹಿಂದಿನ ರಾತ್ರಿ ಏಳು ಗಂಟೆಗೆ ಕೊನೆಯ ಕ್ಯಾಪ್ಸೂಲ್. ಬೆಳಿಗ್ಗೆ ಎಂಟಕ್ಕೆ ಮೈ ನಡುಕ ಶುರು. ಸಿಸ್ಟರ್ ಒಂದು ಹಾಳೆ ಹಿಡಿದುಕೊಂಡು ಬಂದರು. ಅದರಲ್ಲಿ 11 ವಿಷಯ: ನಾಡಿ, ಬೆವರು, ಚಡಪಡಿಕೆ, ಕಣ್ಣಿನ ಪಾಪೆ, ಎಲುಬು ನೋವು, ಮೂಗು, ಹೊಟ್ಟೆ, ನಡುಕ, ಆಕಳಿಕೆ, ಆತಂಕ, ರೋಮ ನಿಲ್ಲುವುದು. ಒಂದೊಂದಕ್ಕೂ ಮಾರ್ಕು. ನನಗೆ 7 ಬಂತು. ಡಾಕ್ಟರು ನೋಡಿ "ಸಾಲದು" ಅಂದರು. ಪರೀಕ್ಷೆಯಲ್ಲಿ ಮಾರ್ಕು ಸಾಲದೆ ಬೈಸಿಕೊಂಡದ್ದು ಗೊತ್ತು, ಸಂಕಟದಲ್ಲಿ ಮಾರ್ಕು ಸಾಲದು ಅನ್ನಿಸಿಕೊಂಡದ್ದು ಅವತ್ತೇ. ಹನ್ನೊಂದಕ್ಕೆ 10. ಒಂದು ಗಂಟೆಗೆ 13. ಅಷ್ಟು ಹೊತ್ತು ನಾನು ವಾರ್ಡಿನ ಗೋಡೆಗೆ ಹಣೆ ಒತ್ತಿಕೊಂಡು ನಿಂತಿದ್ದೆ, ಮದ್ದು ಇದ್ದೂ ಕೊಡದ ಇವರೆಂಥ ಮನುಷ್ಯರು ಅಂತ ಮನಸ್ಸಿನಲ್ಲೇ ಬೈಯುತ್ತಾ.

ಯಾಕೆ ಕಾಯಿಸಿದ್ದು ಅಂತ ಆಮೇಲೆ ಡಾಕ್ಟರು ತಮ್ಮ ಮೇಜಿನ ಬೀಗ ತೋರಿಸಿ ಹೇಳಿದರು. ಈ ಹೊಸ ಮಾತ್ರೆ ಅದೇ ಬೀಗಕ್ಕೆ ಕೂರುವ ಕೀಲಿ, ಆದರೆ ಅರ್ಧ ಮಾತ್ರ ತಿರುಗುತ್ತೆ. ಕೂತಿತೋ, ಬೇರೆ ಕೀಲಿಗೆ ಜಾಗ ಬಿಡಲ್ಲ. ಹಳೇ ಕೀಲಿ ಇನ್ನೂ ಬೀಗದಲ್ಲಿ ಇರುವಾಗಲೇ ಇದನ್ನು ಕೊಟ್ಟರೆ ಅದನ್ನು ಎಳೆದು ಬಿಸಾಡುತ್ತೆ, ಆಗ ನೀವು ಈಗ ಪಟ್ಟದ್ದರ ಮೂರು ಪಾಲು ಒಂದೇ ಗಂಟೆಯಲ್ಲಿ ಪಡುತ್ತೀರಿ. ಅರ್ಧ ತಿರುಗುವ ಕೀಲಿ ಆದ್ದರಿಂದ ಎಷ್ಟು ಜಾಸ್ತಿ ತಗೊಂಡರೂ ಒಂದು ಮಟ್ಟದ ಮೇಲೆ ಅಮಲು ಏರಲ್ಲ. ನಲಾಕ್ಸೋನ್ ಇರುವುದು ಕಾವಲಿಗೆ. ನಾಲಿಗೆಯಡಿ ಇಟ್ಟರೆ ಅದು ಸುಮ್ಮನಿರುತ್ತೆ, ಕರಗಿಸಿ ಸೂಜಿಯಲ್ಲಿ ಚುಚ್ಚಿಕೊಂಡರೆ ತಿರುಗಿ ಬೀಳುತ್ತೆ. ಇದರ ಮೇಲೆ ಹೆಂಡ, ನಿದ್ದೆಮಾತ್ರೆ ಸೇರಿಸಿದರೆ ಮಾತ್ರ ಉಸಿರೇ ನಿಲ್ಲಬಹುದು ಅಂತ ಎರಡೆರಡು ಸಲ ಹೇಳಿದರು.

ಒಂದೂಕಾಲಿಗೆ 2 ಮಿಲಿಗ್ರಾಂ. ಕಹಿ. ಕರಗಲಿಕ್ಕೆ ಹತ್ತು ನಿಮಿಷ. ಮಾತಾಡಬಾರದು, ಉಗುಳು ನುಂಗಬಾರದು. ಬಾಯಿ ತುಂಬ ನೀರು, ಎದುರಿಗೆ ಗಡಿಯಾರ, ಪಕ್ಕದ ಹಾಸಿಗೆಯವ ಅಂಥ ಹೊತ್ತಿಗೇ ಊರು ಯಾವುದು ಅಂತ ಕೇಳುತ್ತಿದ್ದಾನೆ. ಎರಡು ಗಂಟೆ ಹೊತ್ತಿಗೆ ಮೂಗು ನಿಂತಿತು. ಆಮೇಲೆ ಕಾಲು. ಕಾಲಿನೊಳಗಿನ ಇರುವೆಗಳು ಒಂದೊಂದಾಗಿ ಹೊರಟುಹೋದವು. ಮೇಲೆ ಏರಿದ ಹುರುಪು ಏನೂ ಇಲ್ಲ, ಒಂದು ಸಾಮಾನ್ಯ ಮಂಗಳವಾರದ ಮಧ್ಯಾಹ್ನ, ಅಷ್ಟೆ. ಸಂಜೆ ಇನ್ನೊಂದು 2. ಮರುದಿನದಿಂದ 6. ದಿನಕ್ಕೆ ಒಂದು ಹೊತ್ತು ಸಾಕು, ಮೈಯಲ್ಲಿ ತುಂಬ ಹೊತ್ತು ನಿಲ್ಲುತ್ತದೆ.

ಇದು ಮೆಡಿಕಲ್ ಶಾಪಿನಲ್ಲಿ ಸಿಗುವುದಿಲ್ಲ, ವ್ಯಸನ ಚಿಕಿತ್ಸೆಯ ಜಾಗದಲ್ಲೇ ತಗೊಳ್ಳಬೇಕು. ಮೊದಲು ವಾರಕ್ಕೊಮ್ಮೆ, ಆಮೇಲೆ ಹದಿನೈದು ದಿನಕ್ಕೊಮ್ಮೆ, ಹೆಂಡತಿ ಜೊತೆಗೆ. ಫಾರಂ ಮಲಯಾಳದಲ್ಲಿ, ಸಹಿ ನಾವು ಕನ್ನಡದಲ್ಲಿ. ಮೂತ್ರ ಪರೀಕ್ಷೆ ಆಗಾಗ. ಒಮ್ಮೆ, 2021ರ ಮಳೆಗಾಲದಲ್ಲಿ, ತಪ್ಪಿದೆ. ನಾಲ್ಕು ಟ್ರಮಡಾಲ್ ಸಿಕ್ಕಿತು, ನುಂಗಿದೆ. ಬೇಕಾದ ಹುರುಪು ಬರಲಿಲ್ಲ. ಬೀಗಕ್ಕೆ ಬೇರೆ ಕೀಲಿ ಕೂತಿತ್ತಲ್ಲ. ಫಿಟ್ಸ್ ಬರಲಿಲ್ಲ ಅನ್ನುವುದು ನನ್ನ ಪುಣ್ಯ. ಡಾಕ್ಟರಿಗೆ ನಾನೇ ಹೋಗಿ ಹೇಳಿದೆ, ಈ ಸಲ "ಗ್ಯಾಸಿಗೆ ಒಂದು" ಅನ್ನಲಿಲ್ಲ.

ಸೊಂಟದ ವಿಷಯ ಕೇಳಬೇಕು ನೀವು. ಎರಡು ತಿಂಗಳಾಗುವಾಗ ಸೊಂಟ ನೋವು ಕಾಲುಭಾಗಕ್ಕೆ ಇಳಿದಿತ್ತು. ಈ ಜಾತಿಯ ಮಾತ್ರೆ ವರ್ಷಗಟ್ಟಲೆ ತಿಂದರೆ ನೋವು ಸಣ್ಣದಿದ್ದರೂ ಮೈಗೆ ದೊಡ್ಡದಾಗಿ ಕೇಳಿಸುತ್ತಂತೆ. ಈಗ ಬೆಳಿಗ್ಗೆ ಇಪ್ಪತ್ತು ನಿಮಿಷ ಫಿಸಿಯೋಥೆರಪಿಯವರು ಕಲಿಸಿದ ವ್ಯಾಯಾಮ, ನೀರಿಗಾಗಿ ಗುಡ್ಡೆಗೆ ಅಡ್ಡಲಾಗಿ ಕೊರೆದ ಸುರಂಗದ ನೀರು ನೋಡುವ ನೆಪದಲ್ಲಿ ಗುಡ್ಡೆ ಹತ್ತಿ ಇಳಿಯುವುದು. ಗೋಣಿ ಎತ್ತುವುದಿಲ್ಲ.

ಪೂಜೆ, ಉಪನಯನಗಳಿಗೆ ಹೋದರೆ ಮಾತು ಕೇಳಬೇಕಾಗುತ್ತದೆ. "ಒಂದು ಮಾತ್ರೆ ಬಿಟ್ಟು ಇನ್ನೊಂದು ಹಿಡಿದ, ಏನು ಸಾಧಿಸಿದ?" ಅಂತ ಪಂಕ್ತಿಯಲ್ಲಿ ಕೂತ ಒಬ್ಬ ಮಾವ ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಅವರು ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆಯ ಮಾತ್ರೆ ತಿನ್ನುತ್ತಾರೆ, ಪಾಯಸ ಎರಡನೇ ಸಲ ಬಡಿಸಿಕೊಳ್ಳುತ್ತಿದ್ದರು. ನಾನು ಸುಮ್ಮನಿದ್ದೆ. ಇದು ನಮ್ಮ ಮನೆಯದೊಂದೇ ಗ್ರಹಚಾರ ಅಂತ ಅವರು ತಿಳಿದಿದ್ದಾರೆ. ಕೇಂದ್ರ ಸರ್ಕಾರ ದೆಹಲಿಯ ಏಮ್ಸ್‌ನವರಿಂದ ಮಾಡಿಸಿ 2019ರಲ್ಲಿ ಹೊರತಂದ ಸಮೀಕ್ಷೆಯಲ್ಲಿ ಅಫೀಮಿನ ಬಳಗದ್ದನ್ನು ಬಳಸುವವರು ದೇಶದಲ್ಲಿ ನೂರಕ್ಕೆ ಇಬ್ಬರು ಅಂತ ಇದೆ. ಔಷಧದ ರೂಪದಲ್ಲಿ ಬಳಸುವವರೇ ದೇಶದಲ್ಲಿ ನೂರಕ್ಕೆ ಹತ್ತಿರ ಹತ್ತಿರ ಒಬ್ಬರು. ಆ ಪಂಕ್ತಿಯಲ್ಲೇ ಇನ್ನೂರು ಜನ ಊಟಕ್ಕೆ ಕೂತಿದ್ದರು.

ಹಾಗಂತ ಈ ಮದ್ದುಗಳೇ ಕೆಟ್ಟದ್ದು ಅಂತ ನಾನು ಹೇಳುವವನಲ್ಲ. ನಮ್ಮ ದೊಡ್ಡಮ್ಮನಿಗೆ ಕ್ಯಾನ್ಸರ್ ಆಗಿ ಕೊನೆಯ ನಾಲ್ಕು ತಿಂಗಳು ಪಂಚಾಯತಿನ ಪಾಲಿಯೇಟಿವ್, ಅಂದರೆ ನೋವು ತಗ್ಗಿಸುವ ಆರೈಕೆಯ, ಸಿಸ್ಟರ್ ಜೀಪಿನಲ್ಲಿ ಮನೆಗೇ ಬರುತ್ತಿದ್ದರು. ಮಾರ್ಫಿನ್ ಮಾತ್ರೆ ಇಲ್ಲದಿದ್ದರೆ ದೊಡ್ಡಮ್ಮ ಕೂಗಿಯೇ ಸಾಯಬೇಕಿತ್ತು. ಅವರು ಮೊಮ್ಮಕ್ಕಳೊಂದಿಗೆ ಚೆನ್ನೆಮಣೆ ಆಡುತ್ತಾ ಹೋದರು. ನನಗೆ ಸಿಟ್ಟು ಇರುವುದು, ಹತ್ತು ದಿನ ಅಂತ ಬರೆದುಕೊಟ್ಟು ಹನ್ನೊಂದನೇ ದಿನ ಏನಾಗಬಹುದು ಅಂತ ಒಂದು ವಾಕ್ಯ ಹೇಳದ್ದಕ್ಕೆ.

ಹೋದ ವರ್ಷ ಹಲ್ಲು ಕೀಳಿಸುವಾಗ ಹಲ್ಲಿನ ಡಾಕ್ಟರಿಗೆ ಮೊದಲೇ ಎಲ್ಲ ಹೇಳಿದೆ. ಅವರು ಪೆನ್ನು ಎತ್ತಿದ್ದವರು ಬರೆಯಲು ಹೊರಟಿದ್ದನ್ನು ಹೊಡೆದು ಹಾಕಿ ಐಬುಪ್ರೊಫೇನ್ ಬರೆದರು. ನೋವಾಯಿತು. ಎರಡು ದಿನ ಆಯಿತು, ಹೋಯಿತು.

ಡೋಸ್ ಈಗ ಇಳಿಯುತ್ತಾ ಇಳಿಯುತ್ತಾ 0.4 ಮಿಲಿಗ್ರಾಂನ ಸಣ್ಣ ಮಾತ್ರೆಗೆ ಬಂದಿದೆ, ದಿನಕ್ಕೆ ಎರಡು. ಅವಸರ ಇಲ್ಲ ಅಂತ ಡಾಕ್ಟರು ಹೇಳುತ್ತಾರೆ, ಅವಸರ ಮಾಡಿದ್ದರ ಫಲ ನವರಾತ್ರಿಗೆ ನೋಡಿದ್ದೇನಲ್ಲ. ಮೊನ್ನೆ ಹೋದಾಗ ಸಿಸ್ಟರ್ ಪುಸ್ತಕ ತೆರೆದು "ಮನೆಯಲ್ಲಿ ಎಷ್ಟು ಬಾಕಿ ಇದೆ?" ಅಂತ ಕೇಳಿದರು. ನಾನು ಹೆಂಡತಿಯ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು. ಐದೋ, ಆರೋ, ಇಬ್ಬರಿಗೂ ಗೊತ್ತಿಲ್ಲ. ಇನ್ನು ಮೇಲೆ ಎಣಿಸಿಕೊಂಡು ಬರಬೇಕು ಅಂತ ಸಿಸ್ಟರ್ ಗದರಿಸಿ ಕಳಿಸಿದರು.